ವಕೀಲನ ಜಾಗ

ಮಾರ್ಚ್ 3, ಸೋಮವಾರ. ಬೆಳಿಗ್ಗೆ

ಸೋಫಾ ಕಿಟಕಿಯ ಕೆಳಗೆ ಬಂತು. ಟೀಪಾಯಿ ಓರೆಯಾಗಿ. ಪುಸ್ತಕದ ಕಪಾಟು ಬಾಗಿಲ ಎದುರಿನಿಂದ ಪಕ್ಕಕ್ಕೆ. ಹಾಲ್ ಒಂದು ಅಡಿ ಅಗಲವಾದ ಹಾಗೆ ಕಾಣುತ್ತಿದೆ. ಸರಿಸುವ ಮೊದಲು ಒಂದು ಫೋಟೋ, ಸರಿಸಿದ ಮೇಲೆ ಒಂದು — ಶೋರೂಮಿನ ಅಭ್ಯಾಸ. ಅಲ್ಲಿ ವಾರವಾರವೂ ಮಂಚ, ಸೋಫಾ, ಕುರ್ಚಿಗಳ ಜಾಗ ಬದಲಿಸಿ, ಯಾರೋ ಈಗಷ್ಟೇ ಎದ್ದುಹೋದಂತೆ ದಿಂಬನ್ನು ತುಸು ಓರೆ ಮಾಡಿ ಇಡುವುದೇ ನನ್ನ ಕೆಲಸ. ಮನೆಯಲ್ಲೂ ಕೈ ಸುಮ್ಮನಿರುವುದಿಲ್ಲ. ಅತ್ತೆಯ ಮಂಡಿ ಆಪರೇಷನ್ ಆದಾಗಿನಿಂದ ತಿಂಗಳುಗಟ್ಟಲೆ ಏನನ್ನೂ ಮುಟ್ಟಿರಲಿಲ್ಲ. ಇವತ್ತು ತಡೆಯಲಾಗಲಿಲ್ಲ.

ಅತ್ತೆ ಎದ್ದು ಬಂದವರು ಬಾಗಿಲಲ್ಲೇ ನಿಂತರು. ಯಾರದೋ ಮನೆಗೆ ಬಂದುಬಿಟ್ಟೆನಾ ಅಂದರು. ನಾನು ದಿಂಬು ಓರೆ ಮಾಡುತ್ತಲೇ ಇದ್ದೆ.

ವಕೀಲ ಅಡುಗೆಮನೆಯಿಂದ ಓಡಿ ಬಂದವನು ಟೀಪಾಯಿಗೆ ಮೂತಿ ಬಡಿದುಕೊಂಡ. ಅಲ್ಲೇ ಕುಳಿತ. ಮೈಯೆಲ್ಲ ಕಪ್ಪು, ಕುತ್ತಿಗೆಗೆ ಬಿಳಿ ಪಟ್ಟಿ, ಎಲ್ಲದಕ್ಕೂ ವಾದ — ಅದಕ್ಕೇ ನಾಯಿಗೆ ಆ ಹೆಸರು. ಇವತ್ತು ವಾದ ಮಾಡಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಕುಳಿತೇ ಇದ್ದ. ಹೆಂಡತಿ ಸಾಮಾನು ಸರಿಸುತ್ತಾಳೆ, ನಾಯಿ ದಂಡ ಕಟ್ಟುತ್ತದೆ ಎಂದು ಇವರು ನಕ್ಕರು. ನಗುತ್ತಲೇ ಶೂ ಹುಡುಕಿಕೊಂಡು ಹೋದರು. ಮೊದಲೆಲ್ಲ ಬೆಳಿಗ್ಗೆ ವಕೀಲನೇ ಒಂದೊಂದಾಗಿ ಶೂ ಕಚ್ಚಿ ತಂದು ಇವರ ಮುಂದೆ ಇಡುತ್ತಿದ್ದ. ಈಚೆಗೆ ನಿಲ್ಲಿಸಿದ್ದಾನೆ. ಒಂಬತ್ತು ವರ್ಷವಾಯಿತಲ್ಲ, ರಿಟೈರ್ ಆಗಿದ್ದಾನೆ ಎಂದು ತಮಾಷೆ ಮಾಡುತ್ತೇವೆ.

ತಡವಾಯಿತು. ಬಸ್.

ಮಾರ್ಚ್ 6, ಗುರುವಾರ. ಸಂಜೆ

ಏನೋ ಸರಿಯಿಲ್ಲ.

ಅತ್ತೆ ಬಿಸ್ಕತ್ತು ಎಸೆದರು. ನಾಯಿಯೆಂದರೆ ನನಗಾಗದು ಎನ್ನುತ್ತಲೇ ದಿನಾ ಎಸೆಯುತ್ತಾರೆ, ನಾನು ನೋಡಿಲ್ಲ ಎಂದುಕೊಂಡು. ಗಾಳಿಯಲ್ಲೇ ಹಿಡಿಯುತ್ತಿದ್ದವನ ಹಣೆಗೆ ತಾಗಿ ಬಿತ್ತು. ಆಮೇಲೆ ನೆಲವೆಲ್ಲ ಮೂಸಿ ಹುಡುಕಿದ. ಬಿಸ್ಕತ್ತು ಅವನ ಕಾಲ ಹತ್ತಿರವೇ ಇತ್ತು. ಜಂಬ ಬಂದಿದೆ ಇವನಿಗೆ, ಅಂದರು ಅತ್ತೆ. ಆದರೆ ಅವರ ದನಿಯೂ ಸಣ್ಣದಾಗಿತ್ತು.

ಮುಖದ ಮುಂದೆ ಕೈ ಆಡಿಸಿದೆ. ರೆಪ್ಪೆ ಬಡಿಯಲಿಲ್ಲ. ಮತ್ತೆ ಆಡಿಸಿದೆ. ಹತ್ತಿರ ಹೋದೆ. ನನ್ನ ಬೆರಳಿನ ವಾಸನೆಗೆ ಬಾಲ ಅಲ್ಲಾಡಿತೇ ಹೊರತು ಕಣ್ಣು ಅಲ್ಲಾಡಲಿಲ್ಲ.

ಇವರಿಗೆ ಹೇಳಿದಾಗ, ಟಾರ್ಚ್ ತಂದು ಅವನ ಕಣ್ಣಿಗೆ ಬೆಳಕು ಬಿಟ್ಟರು. ಆಮೇಲೆ ಟಾರ್ಚ್ ಆರಿಸಿ ಜೇಬಿಗೆ ಹಾಕಿಕೊಂಡು ಹೊರಗೆ ಹೋಗಿ ನಿಂತರು.

ಶನಿವಾರ ಡಾಕ್ಟರ್.

ಮಾರ್ಚ್ 8, ಶನಿವಾರ. ಮಧ್ಯಾಹ್ನ

ಎರಡೂ ಕಣ್ಣು ಹೋಗಿದೆ. ಕಣ್ಣಿನ ಒಳಪರದೆ ನಿಧಾನವಾಗಿ ಒಣಗುತ್ತಾ ಬಂದಿದೆಯಂತೆ. ನೋವಿಲ್ಲ. ಔಷಧವೂ ಇಲ್ಲ.

ಒಂದೇ ವಾರದಲ್ಲಿ ಹೇಗೆ ಸಾಧ್ಯ ಎಂದು ಕೇಳಿದೆ. ಡಾಕ್ಟರಮ್ಮ ಕೈಗವಸು ತೆಗೆಯುತ್ತಾ ಹೇಳಿದರು, "ಒಂದ್ ವಾರ ಅಲ್ಲ. ಎಷ್ಟೋ ತಿಂಗಳಿಂದ ಸರಿಯಾಗಿ ಕಾಣ್ತಿರಲಿಲ್ಲ. ಮನೆ ಬಾಯಿಪಾಠ ಆಗಿತ್ತು, ನಿಮಗೆ ಗೊತ್ತಾಗ್ಲಿಲ್ಲ ಅಷ್ಟೆ. ಮನೇಲಿ ಸಾಮಾನು ಏನಾದ್ರೂ ಕದಲಿಸಿದ್ರಾ?"

ಇವರು ನನ್ನ ಕಡೆ ನೋಡಿದರು. ನಾನು ಗೋಡೆಯ ಮೇಲಿದ್ದ ಬೆಕ್ಕಿನ ಚಿತ್ರ ನೋಡಿದೆ.

ದಾರಿಯುದ್ದಕ್ಕೂ ವಕೀಲ ಇವರ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ. ಇವರು ಅವನ ಕಿವಿಯನ್ನು ಬೆರಳಿನಿಂದ ಮಡಿಸುವುದು, ಬಿಡುವುದು. ಒಂಬತ್ತು ವರ್ಷದ ಹಿಂದೆ, ಲಿಫ್ಟ್ ರಿಪೇರಿಗೆಂದು ಹೋದ ಇವರು ಲಿಫ್ಟಿನ ಕೆಳಗಿನ ಗುಂಡಿಯ ತಳದಲ್ಲಿ, ಎಣ್ಣೆ ನೀರಿನ ನಡುವೆ, ಕುಂಯ್‌ಗುಡುತ್ತಿದ್ದ ಮರಿಯನ್ನು ಟೂಲ್ ಬ್ಯಾಗಿನಲ್ಲಿ ಹಾಕಿಕೊಂಡು ಬಂದಿದ್ದರು. ಸ್ಪ್ಯಾನರುಗಳ ಮೇಲೆ ಮಲಗಿ ಬಂದಿತ್ತು. ಅಂದಿನಿಂದ ಅವನು ಹೆಸರಿಗೆ ಮನೆಯ ನಾಯಿ, ಜೀವಕ್ಕೆ ಇವರ ನಾಯಿ.

ಮನೆಗೆ ಬಂದ ಕೂಡಲೇ ಹಳೆಯ ಫೋಟೋ ನೋಡಿಕೊಂಡು ಎಲ್ಲ ಮೊದಲಿದ್ದ ಹಾಗೆ ಇಟ್ಟೆವು. ಸೋಫಾ ಗೋಡೆಗೆ. ಟೀಪಾಯಿ ನೇರ. ಕಪಾಟು ಬಾಗಿಲ ಎದುರಿಗೆ. ಇನ್ನೇನು ಎದ್ದು ಓಡಾಡುತ್ತಾನೆ ಎಂದು ಕಾದೆವು. ಹೋಗಿ ವಾಷಿಂಗ್ ಮೆಷಿನ್ನಿನ ಹಿಂದೆ ಸೇರಿಕೊಂಡ.

ಮಾರ್ಚ್ 10, ಸೋಮವಾರ. ಬೆಳಿಗ್ಗೆ

ಅಲ್ಲೇ ಇದ್ದಾನೆ. ಅಲ್ಲೇ ಒದ್ದೆ ಮಾಡಿಕೊಂಡಿದ್ದಾನೆ. ಅನ್ನ ಮುಟ್ಟಿಲ್ಲ. ನಾಯಿಗೆ ಮನೆಯ ಮೇಲಿನ ನಂಬಿಕೆಯೇ ಹೋಗಿದೆ. ನನ್ನ ಮೇಲಿನದೂ.

ಇವರು ಬಗ್ಗಿ ನೋಡಿ ಎದ್ದರು. ಚಹಾ ಕುಡಿಯಲಿಲ್ಲ. "ಹೀಗೆ ಇಟ್ಕೊಳ್ಳೋದು ಹಿಂಸೆ ಅಲ್ವಾ" ಎಂದರು. ಡಾಕ್ಟರಮ್ಮನ ಹತ್ತಿರ ಇಂಜೆಕ್ಷನ್ ಕೊಟ್ಟು ಶಾಶ್ವತವಾಗಿ ಮಲಗಿಸುವ ಬಗ್ಗೆ ಕೇಳಿದ್ದಾರೆ, ನನಗೆ ಗೊತ್ತಿಲ್ಲದ ಹಾಗೆ. ನನಗೆ ಸಿಟ್ಟು ಬಂತು. ನೆತ್ತಿಗೇರಿತು. ಸಾಕುವುದು ಎಂದರೆ ಕಣ್ಣಿರುವವರೆಗೆ ಮಾತ್ರವಾ ಎಂದು ಕೂಗಾಡಿದೆ. ಅವರು ಕೂಗಾಡಲಿಲ್ಲ.

"ಕತ್ತಲಿಂದ ಎತ್ತಿ ತಂದೋನು ನಾನು. ಮತ್ತೆ ಕತ್ತಲಲ್ಲೇ ಬಿಟ್ಟು ನೋಡ್ತಾ ಕೂತ್ಕೊಳ್ಳಕ್ಕೆ ನನ್ ಕೈಲಾಗಲ್ಲ."

ಕಲ್ಲು ಮನಸ್ಸಿನಿಂದ ಹೇಳುತ್ತಿಲ್ಲ, ನನಗಿಂತ ಹೆಚ್ಚು ಬೆಂದಿದ್ದಾರೆ. ತಿಂಗಳ ಕೊನೆಯವರೆಗೆ ಟೈಮ್ ಕೊಡಿ ಅಂದೆ. ಅವನು ತನ್ನ ಕಾಲಮೇಲೆ ತಾನು ಮನೆಯಲ್ಲಿ ಓಡಾಡುವಂತಾಗದಿದ್ದರೆ ನಿಮ್ಮಿಷ್ಟ. ತಲೆಯಾಡಿಸಿದರು.

ಸರಿ. ಕೋಣೆ ಸಜ್ಜು ಮಾಡುವುದು ನನ್ನ ಕಸುಬು. ಮಲಗುವವರಿಲ್ಲದ ಮಂಚಗಳಿಗೆ ಇಷ್ಟು ವರ್ಷ ಹಾಸಿಗೆ ಹಾಸಿದ್ದೇನೆ. ನನ್ನ ಮನೆಯ ನಾಯಿಗೆ ಒಂದು ಜಾಗ ಮಾಡಿಕೊಡಲು ಆಗುವುದಿಲ್ಲವಾ? ಮಾಡಿಯೇ ಮಾಡುತ್ತೇನೆ.

ಮಾರ್ಚ್ 12, ಬುಧವಾರ. ಸಂಜೆ

ಆಯಿತು. ಬಾಲ್ಕನಿ ಬಾಗಿಲ ಪಕ್ಕದ ಮೂಲೆ. ಯಾರ ಗಲಾಟೆಯೂ ಇಲ್ಲದ ಜಾಗ. ಗುಂಡಗಿನ ಹಾಸಿಗೆ, ಬೂದು ಬಣ್ಣ, ಪರದೆಗೆ ಹೊಂದುತ್ತದೆ. ಎರಡು ಪುಟ್ಟ ದಿಂಬು. ಹಳೆಯ ಬೆಡ್‌ಶೀಟು, ಚಿಂದಿ ಕಂಬಳಿ ಎಲ್ಲ ಹೊರಗೆ. ನೆಲ ಎರಡು ಸಲ ಒರೆಸಿ, ಮನೆಗೆಲ್ಲ ಶೋರೂಮಿನ ಲ್ಯಾವೆಂಡರ್ ಸ್ಪ್ರೇ ಹೊಡೆದೆ. ಮೂಲೆಗೆ ಒಂದು ಕುಳ್ಳ ದೀಪ, ಹಳದಿ ಬೆಳಕು. ನೋಡಿದರೆ ನನಗೇ ಮಲಗಬೇಕೆನಿಸುವಷ್ಟು ಚೆನ್ನಾಗಿದೆ. ಫೋಟೋ ತೆಗೆದೆ.

ಎತ್ತಿ ತಂದು ಮಲಗಿಸಿದೆ. ಮೂಸಿದ. ಸೀನಿದ. ಎದ್ದು ಗೋಡೆ ಸವರಿಕೊಂಡು ಮತ್ತೆ ಮೆಷಿನ್ನಿನ ಹಿಂದೆ.

ಇವರು ಬಂದು ನಿಂತು ನೋಡಿದರು.

"ಚೆನ್ನಾಗಿದೆ. ಲೈಟ್ ಯಾಕೆ?"

ಮಾರ್ಚ್ 13, ಗುರುವಾರ. ಶೋರೂಮ್, ಊಟದ ಹೊತ್ತು

ಲೈಟ್ ಯಾಕೆ. ಬೆಳಿಗ್ಗೆಯಿಂದ ಕಿವಿಯಲ್ಲಿ ಅದೇ.

ಕುರುಡು ನಾಯಿಗೆ ದೀಪ ಇಟ್ಟೆ. ಪರದೆಗೆ ಹೊಂದುವ ಬಣ್ಣ ಹುಡುಕಿದೆ. ಅವನಿಗಲ್ಲ, ಬಾಗಿಲಲ್ಲಿ ನಿಂತು ನೋಡುವವರಿಗೆ ಮಾಡಿದೆ. ಜಗತ್ತಿನಲ್ಲಿ ಬೇರೆ ಯಾರೂ ಮಾಡದ ತಪ್ಪು, ನಾನೇ ಮಾಡಬೇಕಾಗಿತ್ತು. ಅಳು ಬರಬೇಕಿತ್ತು, ನಗು ಬಂತು. ಊಟದ ಡಬ್ಬಿ ಮುಂದೆ ಇಟ್ಟುಕೊಂಡು ಒಬ್ಬಳೇ ನಕ್ಕಿದ್ದನ್ನು ಕ್ಯಾಷಿಯರ್ ಹುಡುಗಿ ನೋಡಿದಳು. ನೋಡಲಿ.

ಆಮೇಲೆ ಕಾರ್ಪೆಟ್ ವಿಭಾಗಕ್ಕೆ ಹೋಗಿ, ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ ನಡೆದೆ. ಮಧ್ಯಾಹ್ನ ಗಿರಾಕಿಗಳಿರುವುದಿಲ್ಲ. ಉಣ್ಣೆಯದು ಕಾಲು ನುಂಗುತ್ತದೆ. ನಾರಿನದು ಚುಚ್ಚುತ್ತದೆ. ಗೀರು ರಬ್ಬರು ತಣ್ಣಗೆ, ಪಟ್ಟೆಪಟ್ಟೆ. ಸ್ವಲ್ಪ ಹೊತ್ತಿಗೆ ಯಾವುದರ ಮೇಲೆ ನಿಂತಿದ್ದೇನೆ ಎಂಬುದರಿಂದಲೇ ಎಲ್ಲಿದ್ದೇನೆ ಎಂದು ಗೊತ್ತಾಗತೊಡಗಿತು. ಕಣ್ಣು ಬಿಟ್ಟಾಗ ಮ್ಯಾನೇಜರ್ ಎದುರಿಗೆ ನಿಂತಿದ್ದರು.

ನಿಂತುಹೋದ ಡಿಸೈನುಗಳ ಸ್ಯಾಂಪಲ್ ತುಂಡುಗಳು ಗೋಡೌನಿನಲ್ಲಿ ಚೀಲಗಟ್ಟಲೆ ಬಿದ್ದಿವೆ, ಹೇಗೂ ಎಸೆಯುವುದೇ. ತೆಗೆದುಕೊಂಡು ಹೋಗಲಾ ಎಂದು ಕೇಳಿದೆ. ಯಾವ ಗಿರಾಕಿಗೆ ಎಂದರು. ವಕೀಲರಿಗೆ ಎಂದೆ. ವಕೀಲರ ಮನೆಗೆ ಚಿಂದಿ ಕಾರ್ಪೆಟ್ಟೇ ಎಂದು ಹುಬ್ಬು ಹಾರಿಸಿದರು. ಅವರು ತುಂಬ ಸರಳ ಜನ ಅಂದೆ.

ಮಾರ್ಚ್ 16, ಭಾನುವಾರ. ಮಧ್ಯಾಹ್ನ

ಮೊಣಕಾಲು ಎರಡೂ ಕೆಂಪಾಗಿವೆ. ಬೆಳಿಗ್ಗೆಯಿಂದ ಕಣ್ಣಿಗೆ ಸ್ಕಾರ್ಫ್ ಕಟ್ಟಿಕೊಂಡು ಮನೆಯೆಲ್ಲ ಅಂಬೆಗಾಲಲ್ಲಿ ಓಡಾಡಿದೆ. ಅತ್ತೆ ಕುರ್ಚಿಯಲ್ಲಿ ಕುಳಿತು ಕಾಮೆಂಟರಿ ಕೊಟ್ಟರು. ಎಡಕ್ಕೆ ಬಾಗಿಲು, ಬಲಕ್ಕೆ ಗೋಡೆ, ನೇರ ಹೋದರೆ ತಲೆಗೆ ಏಟು. ಮಗನಿಗೆ ಎಂಥ ಹೆಣ್ಣು ತಂದೆ ಎಂದು ಈಗ ಗೊತ್ತಾಗುತ್ತಿದೆಯಂತೆ.

ಕೆಳಗೆ ಬೇರೆಯೇ ಮನೆ ಇದೆ. ಫ್ರಿಜ್ಜಿನ ಸದ್ದು ಅಷ್ಟು ಜೋರೆಂದು ಗೊತ್ತೇ ಇರಲಿಲ್ಲ, ಅಡುಗೆಮನೆ ಎಲ್ಲಿದೆ ಎಂದು ಅದೇ ಹೇಳುತ್ತದೆ. ಟೀಪಾಯಿಯ ಮೂಲೆ ಸರಿಯಾಗಿ ಕಣ್ಣಿನ ಎತ್ತರಕ್ಕೆ. ಮತ್ತೆ ಆ ಲ್ಯಾವೆಂಡರ್ — ಮೂರು ಕೋಣೆಯೂ ಒಂದೇ ವಾಸನೆ. ಯಾವ ಕೋಣೆ ಎಂದು ಅವನಿಗೆ ತಿಳಿಯುವುದಾದರೂ ಹೇಗೆ? ಸ್ಪ್ರೇ ಡಬ್ಬಿ ಕಸದ ಬುಟ್ಟಿಗೆ. ಸೀನುವುದು ಅವನ ಉತ್ತರವಾಗಿತ್ತು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ದಾರಿ ಹಾಸಿದೆ. ಮುಂಬಾಗಿಲಿನ ಓಣಿಯಲ್ಲಿ ನಾರಿನ ತುಂಡುಗಳು. ಅಡುಗೆಮನೆಯ ಬಾಯಲ್ಲಿ, ನೀರಿನ ಬಟ್ಟಲಿನ ಸುತ್ತ ಗೀರು ರಬ್ಬರು. ಸೋಫಾದ ಮುಂದೆ ಮೆತ್ತನೆಯ ಉಣ್ಣೆ. ಕೆಂಪು, ಹಸಿರು, ಹೂವಿನದು, ಪಟ್ಟೆಯದು, ಒಂದಕ್ಕೊಂದು ಎಳ್ಳಷ್ಟೂ ಹೊಂದುವುದಿಲ್ಲ. ಆದರೂ ಅಂಟಿಸಿಯೇ ಬಿಟ್ಟೆ. ಟೀಪಾಯಿಯ ಮೂಲೆಗಳಿಗೆ ಸ್ಪಂಜು ಸುತ್ತಿದೆ.

ಅತ್ತೆ ಎಲ್ಲ ನೋಡುತ್ತಿದ್ದವರು ಕೊನೆಗೆ ಹೇಳಿದರು, "ನಾನು ಕತ್ತಲಲ್ಲಿ ಬಾತ್‌ರೂಮಿಗೆ ಹೋಗಕ್ಕೆ ಎದ್ದು ಇದೇ ಟೀಪಾಯಿಗೆ ಬೆರಳು ಜಜ್ಜಿಕೊಂಡಾಗ ಯಾರೂ ಸ್ಪಂಜು ಸುತ್ತಲಿಲ್ಲಪ್ಪ."

ಅವರ ಮಂಚದ ಮೂಲೆಗೂ ಸುತ್ತಿದೆ.

ಮಾರ್ಚ್ 20, ಗುರುವಾರ. ಬೆಳಿಗ್ಗೆ

ದಿನಾ ಎರಡು ಹೊತ್ತು ಪಾಠ. ಕೈಯಲ್ಲಿ ಬಿಸ್ಕತ್ತು, ಹಿಂದೆ ವಕೀಲ. ನಾರು, ರಬ್ಬರು, ಉಣ್ಣೆ. ಉಣ್ಣೆ, ರಬ್ಬರು, ನಾರು. ಒಂದೊಂದರ ಮೇಲೆ ನಿಂತು ಅದರ ಹೆಸರು ಹೇಳುತ್ತೇನೆ, ಬಾಲವಾಡಿ ಟೀಚರ್ ಹಾಗೆ. ಮೊದಲ ದಿನ ಕಾಲು ಎತ್ತಲೇ ಇಲ್ಲ. ಎರಡನೇ ದಿನ ಎತ್ತಿದ, ಕೆಳಗಿಡಲು ಹೆದರಿದ. ನಿನ್ನೆ ರಬ್ಬರಿನ ಮೇಲೆ ತಾನಾಗಿ ನಿಂತು ನೀರು ಕುಡಿದ. ಲಪ ಲಪ ಸದ್ದು ಕೇಳಿ ಅತ್ತೆ ಟಿವಿಯ ಸೌಂಡ್ ಕಡಿಮೆ ಮಾಡಿದರು.

ಇವರು ಬಾಗಿಲ ಬಳಿ ನಿಂತು ನೋಡುತ್ತಾರೆ, ಹತ್ತಿರ ಬರುವುದಿಲ್ಲ. ಆಸೆ ಹುಟ್ಟಿಬಿಟ್ಟರೆ ಎಂಬ ಭಯ. ನನಗೆ ಆ ಭಯವಿಲ್ಲ. ಹಲ್ಲು ಕಚ್ಚಿಕೊಂಡು ಮಾಡುತ್ತಿದ್ದೇನೆ.

ಮಾರ್ಚ್ 22, ಶನಿವಾರ

ತಾನಾಗಿ ಬಂದ! ಮೆಷಿನ್ನಿನ ಹಿಂದಿನಿಂದ ರಬ್ಬರಿನವರೆಗೆ, ಬಿಸ್ಕತ್ತಿಲ್ಲದೆ, ಕರೆಯದೆ. ಅಲ್ಲಿ ನಿಂತು ಮೂಗು ಮೇಲೆತ್ತಿ ಗಾಳಿ ಮೂಸಿದ. ನಾಳೆ ಸೋಫಾದವರೆಗೆ.

ಮಾರ್ಚ್ 23, ಭಾನುವಾರ. ಸಂಜೆ

ಎಲ್ಲ ಕೆಡಿಸಿದೆ, ನಾನೇ.

ಸಂಜೆ ಬಟ್ಟೆ ಮಡಿಸುತ್ತಿದ್ದೆ. ಬೆಳಕು ಸಾಲದೆನಿಸಿತು. ಕುರ್ಚಿಯನ್ನು ಕಿಟಕಿಯ ಕಡೆಗೆ ಎಳೆದುಕೊಂಡೆ. ಎಳೆದದ್ದು ನನಗೆ ಗೊತ್ತೇ ಆಗಲಿಲ್ಲ. ಕುರ್ಚಿ ಬಂದ ಮೇಲೆ ಟೀಪಾಯಿ ಸೊಟ್ಟ ಕಂಡಿತು, ಕಾಲಿನಿಂದ ನೂಕಿದೆ. ಅದೂ ಗೊತ್ತಾಗಲಿಲ್ಲ. ನನ್ನ ಕೈಕಾಲು ಇಷ್ಟು ವರ್ಷದಿಂದ ಮಾಡುತ್ತಿರುವ ಕೆಲಸ, ನನ್ನನ್ನು ಕೇಳುವುದೇ ಇಲ್ಲ.

ಅವನು ಬರುತ್ತಿದ್ದ. ರಬ್ಬರು ದಾಟಿ, ಮೊದಲ ಸಲ ಧೈರ್ಯವಾಗಿ, ಬಾಲ ಎತ್ತಿಕೊಂಡು, ಹೆಚ್ಚುಕಡಿಮೆ ಓಡುತ್ತಾ. ಕುರ್ಚಿಯ ಕಾಲಿಗೆ ಬಾಯಿ ಬಡಿಯಿತು. ಆ ಕೂಗು. ತುಟಿ ಒಡೆದು ರಕ್ತ, ಉಣ್ಣೆಯ ತುಂಡಿನ ಮೇಲೆಲ್ಲ. ಹಿಡಿಯಲು ಹೋದರೆ ನನ್ನಿಂದಲೂ ತಪ್ಪಿಸಿಕೊಂಡು ಗೋಡೆಗೆ ಬಡಿದುಕೊಂಡು ಓಡಿದ.

ಇವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ರಕ್ತ ಒರೆಸಿದರು. ಫೋನ್ ತೆಗೆದುಕೊಂಡು ಬಾಲ್ಕನಿಗೆ ಹೋದರು. ಬಂದು ಹೇಳಿದರು — ಡಾಕ್ಟರಮ್ಮ ಟೈಮ್ ಕೊಟ್ಟಿದ್ದಾರೆ, ಮೂವತ್ತೊಂದು, ಸೋಮವಾರ, ಬೆಳಿಗ್ಗೆ ಹತ್ತಕ್ಕೆ.

ಮಾರ್ಚ್ 26, ಬುಧವಾರ. ಮಧ್ಯಾಹ್ನ

ರಜೆ ಹಾಕಿದ್ದೇನೆ. ಎರಡು ದಿನ ಬರೆಯುವ ಮನಸ್ಸಾಗಲಿಲ್ಲ. ಇವತ್ತು ಬೆಳಿಗ್ಗೆ ಎದ್ದಾಗ ತೀರ್ಮಾನ ಆಗಿಹೋಗಿತ್ತು. ನನ್ನ ಕೈ ನನ್ನ ಮಾತು ಕೇಳುವುದಿಲ್ಲ ಎಂದಾದರೆ ಕೈಗೆ ಸಿಗದ ಹಾಗೆ ಮಾಡಬೇಕು.

ಇವರು ಕೆಲಸಕ್ಕೆ ಹೋದ ಮೇಲೆ ಡ್ರಿಲ್ಲಿಂಗ್ ಮೆಷಿನ್ ಹೊರಗೆ ತೆಗೆದೆ. ಅತ್ತೆ ಹೌಹಾರಿದರು. ಏನು ಮಾಡುತ್ತಿದ್ದೇನೆಂದು ಹೇಳಿದೆ. ಸೋಫಾ, ಟೀಪಾಯಿ, ಕಪಾಟು, ಊಟದ ಮೇಜು, ಎಲ್ಲದರ ಕಾಲನ್ನೂ ಕಬ್ಬಿಣದ ಪಟ್ಟಿ ಹಾಕಿ ನೆಲಕ್ಕೆ ಬಿಗಿಯುವುದು. ಕುರ್ಚಿಗಳಿಗೆ ಮೇಜಿನ ಕಾಲಿಗೆ ಸರಪಳಿ. ತಲೆ ಕೆಟ್ಟಿದೆ ಎನ್ನುತ್ತಾರೆ ಎಂದುಕೊಂಡೆ.

"ಕಪಾಟಿಂದ ಶುರು ಮಾಡು. ಅದೇ ನಿಂಗೆ ಜಾಸ್ತಿ ಚಪಲ."

ಮೊಳೆ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತರು. ಒಂದೊಂದಾಗಿ ಸ್ಕ್ರೂ ಎತ್ತಿ ಕೊಟ್ಟರು. ನನ್ನ ಗಂಡನ ಟೂಲ್ ಬ್ಯಾಗಿನಲ್ಲಿ ಏನೇನಿದೆಯೋ ಎಲ್ಲದರ ಹೆಸರೂ ಅವರಿಗೆ ಗೊತ್ತು. ಟೈಲ್ಸ್ ನಾಲ್ಕು ಕಡೆ ಬಿರುಕು ಬಿಟ್ಟಿತು. ಹೋಗಲಿ. ಕೊನೆಯ ಸ್ಕ್ರೂ ಬಿಗಿಯುವಾಗ ಎದೆಯಲ್ಲಿ ಏನೋ ಕಳಚಿದ ಹಾಗಾಯಿತು. ಇನ್ನು ಈ ಹಾಲ್ ಹೀಗೇ. ಅವನು ಇರುವವರೆಗೆ ಹೀಗೇ. ಸುಳ್ಳು ಹೇಳುವುದಿಲ್ಲ, ಒಂದು ನಿಮಿಷ ದುಃಖವೂ ಆಯಿತು.

ಅದೇ ದಿನ, ಸಂಜೆ

ಇವರು ಬಂದರು. ಟಿಫನ್ ಡಬ್ಬಿ ಇಡಲು ಹೋದವರು ಟೀಪಾಯಿಯ ಕಾಲು ನೋಡಿ ನಿಂತರು. ಸೋಫಾ ಅಲ್ಲಾಡಿಸಿದರು, ಅಲ್ಲಾಡಲಿಲ್ಲ. ಕಪಾಟು ನೂಕಿದರು. ನನ್ನ ಕಡೆ ನೋಡಿದರು. ನನ್ನ, ಅತ್ತೆಯ ಇಬ್ಬರ ಕೈಯಲ್ಲೂ ಸಿಮೆಂಟು ಧೂಳು.

ಮಂಡಿಯೂರಿ ಕುಳಿತು ಒಂದೊಂದೇ ಪಟ್ಟಿಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು, ಲಿಫ್ಟ್ ಚೆಕ್ ಮಾಡುವಾಗಿನಂತೆ. "ಇದು ಸಡಿಲ ಇದೆ" ಅಂದರು. ಬ್ಯಾಗಿನಿಂದ ಸ್ಪ್ಯಾನರ್ ತೆಗೆದು ಬಿಗಿ ಮಾಡಿದರು. ಆಮೇಲೆ ಇನ್ನೊಂದು. ಶರ್ಟ್ ಬದಲಿಸದೆ, ಎಲ್ಲವನ್ನೂ.

ಸೋಮವಾರದ ಬಗ್ಗೆ ಕೇಳಬೇಕೆನಿಸಿತು. ಕೇಳದೆ, ಟಾರ್ಚ್ ಹಿಡಿದು ಬೆಳಕು ಬಿಟ್ಟೆ.

ಮಾರ್ಚ್ 28, ಶುಕ್ರವಾರ. ಶೋರೂಮ್

ದಾರಿ ಮತ್ತೆ ಹಿಡಿದಿದ್ದಾನೆ. ತುಟಿ ಮಾಯುತ್ತಿದೆ. ಆದರೆ ಪಾಠ ಮುಗಿದ ಕೂಡಲೇ ಮೆಷಿನ್ನಿನ ಹಿಂದೆ. ಬಾಲ್ಕನಿ ಮೂಲೆಯ ಬೂದು ಹಾಸಿಗೆಯ ಕಡೆಗೆ ಮೂತಿಯೂ ಹಾಕುವುದಿಲ್ಲ. ನಡೆಯಲು ದಾರಿ ಕೊಟ್ಟೆ, ಹೋಗಿ ಸೇರುವ ಜಾಗ ಕೊಡಲಿಲ್ಲ. ಯಾವುದು ಅವನ ಜಾಗ?

ಇವತ್ತು ಇಲ್ಲಿ ಹೊಸ ಮಂಚ ಜೋಡಿಸುತ್ತಾ ಫೋನಿನಲ್ಲಿ ಹಳೆಯ ಫೋಟೋ ತೆರೆದೆ. ಬೇರೇನೋ ಹುಡುಕುತ್ತಿದ್ದೆ. ನಮ್ಮ ಹಾಲಿನ ಫೋಟೋಗಳು ಸಾಲಾಗಿ ಬಂದವು. ಪ್ರತಿಯೊಂದೂ ಎರಡೆರಡು. ಒಂದರಲ್ಲಿ ವಕೀಲ ಇದ್ದಾನೆ, ಇನ್ನೊಂದರಲ್ಲಿ ಇಲ್ಲ. ಅವನು ಬಂದು ಚಿತ್ರ ಕೆಡಿಸಿದನೆಂದು ಎಬ್ಬಿಸಿ ಓಡಿಸಿ ಇನ್ನೊಂದು ತೆಗೆಯುತ್ತಿದ್ದೆ.

ಕೆಟ್ಟ ಫೋಟೋಗಳನ್ನೆಲ್ಲ ಒಂದರ ಹಿಂದೆ ಒಂದು ನೋಡಿದೆ. ಸೋಫಾ ಎಲ್ಲಿದ್ದರೂ, ಕಪಾಟು ಎಲ್ಲಿದ್ದರೂ, ಅವನು ಮಾತ್ರ ಒಂದೇ ಕಡೆ. ಮುಂಬಾಗಿಲಿನ ಓಣಿಯಲ್ಲಿ, ಶೂ ಸ್ಟ್ಯಾಂಡಿನ ಮುಂದೆ, ದಾರಿಗೆ ಅಡ್ಡ. ಹೋಗುವವರು ಬರುವವರು ಎಲ್ಲರೂ ದಾಟಿಕೊಂಡೇ ಹೋಗಬೇಕಾದ ಜಾಗ. ಅಲ್ಲಿಂದ ಎಷ್ಟು ಸಲ ಅವನನ್ನು ಗದರಿಸಿ ಎಬ್ಬಿಸಿದ್ದೇನೆ! ನಮ್ಮ ಕಸುಬಿನಲ್ಲಿ ಎಲ್ಲ ಮಾಫಿ, ಓಡಾಡುವ ದಾರಿಗೆ ಅಡ್ಡ ಇಡುವುದಕ್ಕೆ ಮಾಫಿಯಿಲ್ಲ.

ಗಲಾಟೆಯಿಲ್ಲದ ಮೂಲೆ ಹುಡುಕಿದೆನಲ್ಲ, ಪೆದ್ದಿ. ಅವನಿಗೆ ಬೇಕಾದದ್ದು ಗಲಾಟೆ. ಯಾರು ಬಂದರು, ಯಾರು ಹೋದರು, ಯಾರ ಶೂ ಮನೆಯಲ್ಲಿದೆ, ಯಾರದು ಇಲ್ಲ.

ಮಂಚ ಅರ್ಧಕ್ಕೇ ಬಿಟ್ಟು ಹೊರಟೆ. ಮ್ಯಾನೇಜರ್‌ಗೆ ವಕೀಲರ ಅರ್ಜೆಂಟ್ ಕೆಲಸ ಅಂದೆ.

ಅದೇ ದಿನ, ಸಂಜೆ

ಬೂದು ಹಾಸಿಗೆ ಮಡಿಸಿ ಅಟ್ಟಕ್ಕೆ. ದೀಪ, ದಿಂಬು, ಎಲ್ಲ. ಶೂ ಸ್ಟ್ಯಾಂಡಿನ ಮುಂದೆ, ನಾರಿನ ಮೇಲೆ, ದಪ್ಪ ಸ್ಪಂಜಿನ ಹಲಗೆ. ಅದರ ಮೇಲೆ ಹಾಸಲು ಏನು? ಅವನ ಹಳೆಯ ಕಂಬಳಿಯನ್ನು ನಾನೇ ಎಸೆದಿದ್ದೆ. ಬಾಗಿಲ ಹಿಂದೆ ಇವರ ಹಳೆಯ ಕೆಲಸದ ಜಾಕೆಟ್ ನೇತಾಡುತ್ತಿತ್ತು. ಗ್ರೀಸು, ಬೆವರು, ಹೊಗೆ — ಎಷ್ಟು ಒಗೆದರೂ ಹೋಗದ ವಾಸನೆ ಎಂದು ಬೈದು ಬೈದು ಸಾಕಾಗಿತ್ತು. ಒಗೆಯದೆ ಹಾಗೇ ಹಾಸಿದೆ.

ನಾನು ಕರೆಯಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ನಿಂತೆ. ಉಗುರಿನ ಸದ್ದು ಕೇಳಿತು. ರಬ್ಬರು. ಆಮೇಲೆ ನಾರು. ಆಮೇಲೆ ಸದ್ದಿಲ್ಲ.

ಇಣುಕಿದೆ. ಜಾಕೆಟ್ಟಿನ ಮೇಲೆ ಸುತ್ತು ಹಾಕುತ್ತಿದ್ದ, ಮರಿಯಿದ್ದಾಗ ಹಾಕುತ್ತಿದ್ದ ಹಾಗೆ. ಉಸ್ಸೆಂದು ಉಸಿರು ಬಿಟ್ಟು ಬಿದ್ದುಕೊಂಡ. ತೋಳಿನೊಳಗೆ ಮೂತಿ ತೂರಿಸಿದ. ಅಲ್ಲೇ ಗೋಡೆಗೆ ಒರಗಿ ಕುಳಿತು ಚೆನ್ನಾಗಿ ಅತ್ತೆ. ಸಂತೋಷಕ್ಕೇ ಅತ್ತಿದ್ದು.

ಅತ್ತೆ ಅವನನ್ನು ದಾಟಲಾರದೆ ಅರ್ಧ ಗಂಟೆ ಮುಂಬಾಗಿಲಲ್ಲೇ ನಿಂತಿದ್ದರಂತೆ. ಎಬ್ಬಿಸಬೇಡ ಎಂದು ನನಗೇ ಕೈಸನ್ನೆ.

ಮಾರ್ಚ್ 30, ಭಾನುವಾರ. ಸಂಜೆ

ಎರಡು ದಿನದಿಂದ ಜಾಗ ಬಿಟ್ಟಿಲ್ಲ. ಊಟಕ್ಕೆ ರಬ್ಬರಿಗೆ ಬರುತ್ತಾನೆ, ಹೋಗುತ್ತಾನೆ. ಆದರೆ ಹಾಲಿಗೆ ಇಲ್ಲ. ಆ ಕುರ್ಚಿಯ ಏಟು ಬಿದ್ದ ಕಡೆ ಹೆಜ್ಜೆ ಇಡುವುದಿಲ್ಲ. ಉಣ್ಣೆಯ ಅಂಚಿಗೆ ಬಂದು ನಿಲ್ಲುತ್ತಾನೆ, ಮೂಸುತ್ತಾನೆ, ತಿರುಗುತ್ತಾನೆ. ತುಂಡು ತೊಳೆದಿದ್ದೇನೆ. ಅವನಿಗೆ ಇನ್ನೂ ರಕ್ತದ ವಾಸನೆ ಬರುತ್ತದೋ ಏನೋ.

ನಾಳೆ ಸೋಮವಾರ. ಇವರು ಫೋನ್ ಮಾಡಿ ಬೇಡ ಎಂದಿಲ್ಲ. ಮಧ್ಯಾಹ್ನ ಅವನ ಪಕ್ಕ ನೆಲದಲ್ಲಿ ಕುಳಿತು ಕಿವಿ ಮಡಿಸುತ್ತಿದ್ದರು. ಬೇಡ ಅನ್ನಿ ಎಂದು ಬಾಯಿಬಿಟ್ಟು ಕೇಳಿದೆ, ಬಿಂಕ ಮಾಡಿ ಪ್ರಯೋಜನವಿಲ್ಲ.

"ಮಲಗೋ ಜಾಗ ಸಿಕ್ಕಿದೆ ಅವನಿಗೆ, ಒಪ್ಕೋತೀನಿ. ಆದ್ರೆ ಮನೆ ಪೂರ್ತಿ ಇವನದಾಗಿತ್ತು ಕಣೇ. ಈಗ ಒಂದು ಓಣಿ. ಗುಂಡೀಲಿ ಇದ್ದಿದ್ದೂ ಅಷ್ಟೇ ಜಾಗ."

ಮಾತಿನಲ್ಲಿ ಗೆಲ್ಲುವುದಲ್ಲ ಇದು. ನಾಳೆ ಹತ್ತು ಗಂಟೆಯವರೆಗೆ ಟೈಮಿದೆ. ಉಣ್ಣೆಯ ಆ ತುಂಡು ಕಿತ್ತು ಹಾಕಿ, ಸ್ಯಾಂಪಲ್ ಚೀಲದಿಂದ ಅಂಥದ್ದೇ ಹೊಸದು ತೆಗೆದು ಅಂಟಿಸಿದೆ. ಈಗ ಅಂಟಿಸಿ ಬಂದು ಕುಳಿತೆ. ಬೆರಳೆಲ್ಲ ಗಮ್ಮು.

ಮಾರ್ಚ್ 31, ಸೋಮವಾರ. ಬೆಳಿಗ್ಗೆ 9

ಅತ್ತೆ ಟಿವಿ ಹಾಕಿಲ್ಲ. ಇವರು ಸ್ನಾನ ಮುಗಿಸಿ ಬಂದು ಸೋಫಾದ ಮೇಲೆ ಕುಳಿತಿದ್ದಾರೆ, ಫೋನ್ ಪಕ್ಕದಲ್ಲಿ. ಸಾಕ್ಸ್ ಹಾಕಿಕೊಂಡಾಗಿದೆ. ಶೂ ಹಾಕಿಲ್ಲ. ಶೂ ಇರುವುದು ಓಣಿಯಲ್ಲಿ, ವಕೀಲನ ತಲೆಯ ಹತ್ತಿರ. ತರಲು ಹೋದರೆ ಅವನು ಏಳುತ್ತಾನೆ, ಎದ್ದರೆ ಕುತ್ತಿಗೆಗೆ ಬೆಲ್ಟು ಹಾಕಬೇಕು, ಬೆಲ್ಟು ಹಾಕಿದರೆ ಹೊರಡಬೇಕು. ಅದಕ್ಕೇ ಏಳುತ್ತಿಲ್ಲ ಇವರು. ನನಗೆ ಗೊತ್ತು.

ನಾನು ಮೇಜಿನ ಮುಂದೆ ಈ ಡೈರಿ ಹಿಡಿದುಕೊಂಡು ಕುಳಿತಿದ್ದೇನೆ, ಲೆಕ್ಕ ಬರೆಯುವವಳ ಹಾಗೆ. ಕೈಗೆ ಕೆಲಸ ಬೇಕು. ಕುರ್ಚಿ ಸರಪಳಿಯಲ್ಲಿದೆ, ಬೇಕೆಂದರೂ ಎಳೆಯುವಂತಿಲ್ಲ.

ಎದ್ದ.

ಮೈ ಕೊಡವಿದ ಸದ್ದು. ಕಿವಿಗಳ ಪಟಪಟ. ಶೂ ಸ್ಟ್ಯಾಂಡಿನಲ್ಲಿ ಏನೋ ಮೂಸುತ್ತಿದ್ದಾನೆ. ಒಂದು ಚಪ್ಪಲಿ ಕೆಳಗೆ ಬಿತ್ತು. ಅತ್ತೆಯದು. ಅದಲ್ಲ, ಇನ್ನೂ ಹುಡುಕುತ್ತಿದ್ದಾನೆ.

ಇವರು ತಲೆ ಎತ್ತಿದರು.

ನಾರು. ಉಗುರು ಕೆರೆಯುವ ಸದ್ದು, ನಿಧಾನ. ಏನೋ ಎಳೆಯುತ್ತಿದ್ದಾನೆ, ಲೇಸು ನೆಲಕ್ಕೆ ತಾಗುತ್ತಿದೆ.

ಕಾಣಿಸಿಕೊಂಡ. ಬಾಯಲ್ಲಿ ಇವರ ಬಲಗಾಲಿನ ಶೂ.

ನಾನು ಕರೆಯಲು ಬಾಯಿ ತೆರೆದೆ. ಇವರು ಕೈ ಎತ್ತಿ ತಡೆದರು. ಕರೆಯಬೇಡ. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡಿದ್ದಾರೆ.

ರಬ್ಬರು. ನೀರಿನ ಬಟ್ಟಲು ದಾಟಿದ. ಉಣ್ಣೆಯ ಅಂಚಿನಲ್ಲಿ ನಿಂತ. ಶೂ ಕೆಳಗಿಟ್ಟ. ಮೂಸಿದ. ಎಷ್ಟು ಹೊತ್ತು... ಶೂ ಮತ್ತೆ ಕಚ್ಚಿಕೊಂಡ. ಮುಂಗಾಲು ಉಣ್ಣೆಯ ಮೇಲೆ. ಇನ್ನೊಂದು.

ಟೀಪಾಯಿ. ಸ್ಪಂಜಿಗೆ ಮೈ ಸವರಿಕೊಂಡು ತಿರುಗಿದ. ಅದು ಇದ್ದಲ್ಲೇ ಇತ್ತು.

"ಅಮ್ಮಾ, ಡಾಕ್ಟರಿಗೆ ಫೋನ್ ಮಾಡಿ ನಾವು ಬರಲ್ಲ ಅಂತ ಹೇಳು" ಎನ್ನುತ್ತಿದ್ದಾರೆ ಇವರು, ತಿರುಗಿ ನೋಡದೆ, ಒಡೆದ ದನಿಯಲ್ಲಿ. ಮಂಡಿಯ ಮೇಲೆ ಕೈ ಬಿಡಿಸಿಟ್ಟುಕೊಂಡು ಕಾಯುತ್ತಿದ್ದಾರೆ. ಒಂದು ಹೆಜ್ಜೆ. ಇನ್ನೊಂದು. ಅವರ ಕೈಗೆ ಮೂತಿ ತಾಗಿಸಿ ಶೂ ಇಟ್ಟ.